ಲಕ್ವದ ನಂತರ ಕೈಯ ಬಲವನ್ನಷ್ಟೇ ಏಕೆ ಅಳೆಯುತ್ತೇವೆ?

ಮಾನ್ಯ ಸಂಪಾದಕರೇ,

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನ ಹತ್ತಿರವಾದಾಗಲೆಲ್ಲ ತಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡದ ಬಹುತೇಕ ಪತ್ರಿಕೆಗಳು ಲಕ್ವದ ಬಗ್ಗೆ ವೈದ್ಯರ ಲೇಖನಗಳನ್ನು ಪ್ರಕಟಿಸುತ್ತವೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಮಂತ್ರ, ತಾಯಿತ ಎಂದು ಕಾಲ ಕಳೆಯದೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು, ರಕ್ತನಾಳದಲ್ಲಿನ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು ಎಂಬ ತಿಳಿವಳಿಕೆ ಇಂದು ನಮ್ಮ ಹಳ್ಳಿಗಳಿಗೂ ಮುಟ್ಟಿದ್ದರೆ ಅದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು. ಆದರೆ ಆ ಲೇಖನಗಳು ರೋಗಿ ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಮರಳುವಲ್ಲಿಗೆ ನಿಂತುಬಿಡುತ್ತವೆ. ಆನಂತರದ ತಿಂಗಳುಗಳ ಬಗ್ಗೆ ಹೆಚ್ಚೆಂದರೆ ‘ಫಿಸಿಯೊಥೆರಪಿ ಮಾಡಿಸಿ’ ಎಂಬ ಒಂದು ಸಾಲು ಇರುತ್ತದೆ. ಆ ಒಂದು ಸಾಲಿನೊಳಗೆ ಏನೇನು ಬಿಟ್ಟುಹೋಗುತ್ತಿದೆ ಎಂಬುದನ್ನು ಮೂರು ವರ್ಷಗಳಿಂದ ಹತ್ತಿರದಿಂದ ಕಂಡವನಾಗಿ ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಸ್ಥಳವಿಲ್ಲದಿದ್ದರೆ ನನ್ನ ಮನೆಯ ಸಂಗತಿಯನ್ನು ಮೊಟಕುಗೊಳಿಸಿ, ಪರೀಕ್ಷೆಗಳ ವಿಷಯವನ್ನು ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ನಾನು ವೈದ್ಯನಲ್ಲ. ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮೂರು ವರ್ಷಗಳ ಹಿಂದೆ ನನ್ನ ಪತ್ನಿಗೆ ಮಿದುಳಿನ ಎಡಭಾಗದ ಥಲಾಮಸ್ ಎಂಬಲ್ಲಿ ಸಣ್ಣ ರಕ್ತಸ್ರಾವವಾಗಿ ಬಲಗೈ, ಬಲಗಾಲು ಸೋತವು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಕಾಲು ಬೇಗ ಸುಧಾರಿಸಿತು. ಎರಡು ತಿಂಗಳ ನಂತರ ಮರುಪರೀಕ್ಷೆಗೆ ಹೋದಾಗ ವೈದ್ಯರು ತಮ್ಮ ಎರಡು ಬೆರಳುಗಳನ್ನು ಅವರ ಅಂಗೈಯಲ್ಲಿಟ್ಟು ಹಿಸುಕಲು ಹೇಳಿದರು, ತೋಳನ್ನು ಎತ್ತಿ ಹಿಡಿಯಲು ಹೇಳಿದರು, ಚೀಟಿಯ ಮೇಲೆ ಬಲಗೈಯ ಶಕ್ತಿ ‘5/5’ ಎಂದು ಬರೆದರು. ಸ್ನಾಯುಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಪದ್ಧತಿ ಅದು. ಐದಕ್ಕೆ ಐದು ಎಂದರೆ ಪೂರ್ಣಾಂಕ. ಜೀವಮಾನವಿಡೀ ಅಂಕ ಕೊಟ್ಟವನಾದ ನನಗೆ ಆ ದಿನ ಸಂತೋಷವೇ ಆಯಿತು. ಕೈ ಹಿಸುಕುವ ವ್ಯಾಯಾಮಕ್ಕೆಂದು ಒಂದು ರಬ್ಬರ್ ಚೆಂಡನ್ನು ಕೊಳ್ಳಲು ಹೇಳಿ ಕಳುಹಿಸಿದರು.

ಪೂರ್ಣಾಂಕ ಪಡೆದ ಆ ಕೈಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ. ರವಿಕೆಯ ಹುಕ್ಕು ಹಾಕಲು, ಸೀರೆಯ ನೆರಿಗೆ ಹಿಡಿಯಲು, ದೇವರ ದೀಪಕ್ಕೆ ಹೂಬತ್ತಿ ಮಾಡಲು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಬರುತ್ತಿರಲಿಲ್ಲ. ಚೀಲದೊಳಗೆ ಕೈ ಹಾಕಿ ಬೀಗದ ಕೈಯನ್ನು ಹುಡುಕಲಾಗದೆ ಇಡೀ ಚೀಲವನ್ನೇ ಜಗಲಿಯ ಮೇಲೆ ಸುರಿದುಕೊಳ್ಳುತ್ತಿದ್ದರು. ಕೊಯ್ಲಿನ ಕಾಲ ಬಂತು. ನಮ್ಮ ಕಡೆ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಗೊತ್ತು: ಮೆಟ್ಟುಗತ್ತಿಯ ಮುಂದೆ ಕುಳಿತವರ ಎರಡೂ ಕೈಗಳು ಒಂದೇ ಅಡಿಕೆಯ ಮೇಲಿರುತ್ತವೆ, ಆದರೆ ಎರಡರ ಕೆಲಸವೂ ಬೇರೆ, ಒಂದು ಕಾಯಿಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಇನ್ನೊಂದು ಸಿಪ್ಪೆಯನ್ನು ಸೀಳಿ ತೆಗೆಯುತ್ತದೆ, ಮಾತು ಮಾತ್ರ ಪಕ್ಕದವರೊಂದಿಗೆ ನಡೆದೇ ಇರುತ್ತದೆ. ಮೂವತ್ತು ವರ್ಷ ಆ ಕೆಲಸ ಮಾಡಿದ ನನ್ನ ಪತ್ನಿ ಆ ವರ್ಷವೂ ಕುಳಿತರು. ಬಲಗೈ ಅಡಿಕೆಯನ್ನು ಅತಿಯಾಗಿ ಬಿಗಿದು ಹಿಡಿಯುತ್ತಿತ್ತು, ಇಲ್ಲವೇ ತಿಳಿಯದಂತೆ ಕೈಬಿಡುತ್ತಿತ್ತು. ಬಲಗೈಯನ್ನೇ ನೋಡುತ್ತ ಕುಳಿತರೆ ಎಡಗೈ ಅರ್ಧದಲ್ಲೇ ನಿಲ್ಲುತ್ತಿತ್ತು; ಎಡಗೈಯತ್ತ ನೋಡಿದರೆ ಬಲಗೈ ಎಲ್ಲಿಗೋ ಸರಿಯುತ್ತಿತ್ತು. ಅಲಗಿನ ಎದುರು ಇದು ಸರಿಯಲ್ಲವೆಂದು ನಾನೇ ಎಬ್ಬಿಸಿದೆ. ಆಗ ಅವರು ಹೇಳಿದ ಮಾತು ನನ್ನನ್ನು ಪುಸ್ತಕಗಳ ಕಡೆಗೆ ತಿರುಗಿಸಿತು: “ಕೈ ಇದೆ ಅಂತ ಗೊತ್ತಾಗತ್ತೆ ರೀ, ಎಲ್ಲಿದೆ ಅಂತ ಗೊತ್ತಾಗಲ್ಲ.”

ಕೈ ಎಂದರೆ ಮಿದುಳಿನ ಆಜ್ಞೆಯನ್ನು ಪಾಲಿಸುವ ಅಂಗ ಎಂದಷ್ಟೇ ನಾವು ತಿಳಿದಿರುತ್ತೇವೆ. ನಾನೂ ತರಗತಿಯಲ್ಲಿ ಹಾಗೆಯೇ ಕಲಿಸಿದ್ದೆ. ಆದರೆ ಕೈಯಿಂದ ಮಿದುಳಿಗೆ ಮರಳಿ ಹೋಗುವ ಸುದ್ದಿ, ಮಿದುಳಿನಿಂದ ಕೈಗೆ ಬರುವ ಆಜ್ಞೆಯಷ್ಟೇ ಮುಖ್ಯ. ಒಂದು ಅಂಗೈಯ ಚರ್ಮದಲ್ಲಿ ಒತ್ತಡ, ಜಾರುವಿಕೆ, ಕಂಪನಗಳನ್ನು ಗ್ರಹಿಸುವ ಸುಮಾರು 17,000 ನರತಂತುಗಳಿವೆ ಎಂದು 1979ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳಾದ ಯೊಹಾನ್ಸನ್ ಮತ್ತು ವಾಲ್ಬೊ ಅಂದಾಜಿಸಿದ್ದರು. ಇವಲ್ಲದೆ ಸ್ನಾಯುಗಳೊಳಗೆ, ಸ್ನಾಯುರಜ್ಜುಗಳಲ್ಲಿ, ಕೀಲುಗಳಲ್ಲಿ ಇರುವ ಗ್ರಾಹಕಗಳು ಮೊಣಕೈ ಎಷ್ಟು ಮಡಚಿದೆ, ಬೆರಳು ಎಷ್ಟು ಚಾಚಿದೆ ಎಂಬುದನ್ನು ಕಣ್ಣಿನ ನೆರವಿಲ್ಲದೆ ತಿಳಿಸುತ್ತಿರುತ್ತವೆ. ಕತ್ತಲಲ್ಲಿ ತುತ್ತು ಬಾಯಿಗೇ ಹೋಗುವುದು, ಮೂಗಿಗೆ ಹೋಗದಿರುವುದು ಈ ಅಂಗಸ್ಥಿತಿಯ ಅರಿವಿನಿಂದ. ಈ ಸುದ್ದಿಗಳೆಲ್ಲ ಬೆನ್ನುಹುರಿಯ ಮೂಲಕ ಏರಿ, ಥಲಾಮಸ್‌ನಲ್ಲಿ ದಾರಿ ಬದಲಿಸಿ, ಮಿದುಳಿನ ಹೊರಪದರಕ್ಕೆ ಸೇರುತ್ತವೆ. ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಥಲಾಮಸ್ ಬೀರೂರು ಜಂಕ್ಷನ್ ಇದ್ದಂತೆ. ಅಲ್ಲಿ ತೊಂದರೆಯಾದರೆ ಶಿವಮೊಗ್ಗದಿಂದ ತಾಳಗುಪ್ಪದವರೆಗೆ ಹಳಿ ಎಷ್ಟೇ ಗಟ್ಟಿಯಾಗಿದ್ದರೂ ಬೆಂಗಳೂರಿನ ರೈಲು ಸಾಗರಕ್ಕೆ ಬರುವುದಿಲ್ಲ. ನನ್ನ ಪತ್ನಿಗೆ ಆದದ್ದು ಅದೇ. ಆಜ್ಞೆ ಇಳಿಯುವ ದಾರಿ ಥಲಾಮಸ್‌ನ ಪಕ್ಕದಲ್ಲಿ ಹಾದುಹೋಗುತ್ತದೆ, ಅದು ಚೇತರಿಸಿಕೊಂಡಿತು. ಸುದ್ದಿ ಏರುವ ದಾರಿ ಚೇತರಿಸಿಕೊಳ್ಳಲಿಲ್ಲ. ಎಲ್ಲ ಲಕ್ವವೂ ಥಲಾಮಸ್‌ನಲ್ಲೇ ಆಗುವುದಿಲ್ಲ, ಆದರೂ ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಬಗೆಯ ಸಂವೇದನೆಯ ಕೊರತೆ ಇರುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು.

ಬಲವಿದ್ದೂ ಅರಿವಿಲ್ಲದ ಕೈ ಏಕೆ ನಿಷ್ಪ್ರಯೋಜಕವಾಗುತ್ತದೆ ಎಂಬುದು ಹಳೆಯ ಪ್ರಶ್ನೆ. 1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಕೋತಿಗಳ ಒಂದು ತೋಳಿನಿಂದ ಸಂವೇದನೆಯನ್ನು ಒಯ್ಯುವ ನರಬೇರುಗಳನ್ನಷ್ಟೇ ಕತ್ತರಿಸಿ, ಚಲನೆಯ ನರಗಳನ್ನು ಮುಟ್ಟದೆ ಬಿಟ್ಟರು. ಕೋತಿಗಳು ಆ ತೋಳನ್ನು ಬಳಸುವುದನ್ನೇ ಬಿಟ್ಟುಬಿಟ್ಟವು. 1982ರಲ್ಲಿ ಲಂಡನ್ನಿನ ರಾಥ್‌ವೆಲ್ ಮತ್ತು ಸಂಗಡಿಗರು ನರಗಳ ಕಾಯಿಲೆಯಿಂದ ಕೈಗಳ ಸಂವೇದನೆ ಕಳೆದುಕೊಂಡ ಒಬ್ಬ ವ್ಯಕ್ತಿಯನ್ನು ವಿವರವಾಗಿ ಪರೀಕ್ಷಿಸಿ ವರದಿ ಮಾಡಿದರು. ಆತ ಲಕ್ವದ ರೋಗಿಯಲ್ಲ, ಆದರೆ ವರದಿಯನ್ನು ಓದುವಾಗ ನಮ್ಮ ಅಡುಗೆಮನೆಯನ್ನೇ ಓದಿದಂತಾಯಿತು. ಪ್ರಯೋಗಾಲಯದಲ್ಲಿ ಆತ ಬೆರಳುಗಳನ್ನು ಬೇಕಾದಂತೆ ಆಡಿಸಬಲ್ಲ; ಮನೆಯಲ್ಲಿ ಪೆನ್ನು ಹಿಡಿದು ಬರೆಯಲಾರ, ಅಂಗಿಯ ಗುಂಡಿ ಹಾಕಲಾರ, ಒಂದು ಕೈಯಲ್ಲಿ ಬಟ್ಟಲು ಹಿಡಿಯಲಾರ. ಕಣ್ಣಿನಿಂದ ನೋಡದೆ ಒಂದೇ ಸಮನಾದ ಹಿಡಿತವನ್ನು ಒಂದೆರಡು ಸೆಕೆಂಡಿಗಿಂತ ಹೆಚ್ಚು ಕಾಯ್ದುಕೊಳ್ಳಲು ಆತನಿಗೆ ಆಗುತ್ತಿರಲಿಲ್ಲ. ಇದರ ಕಾರಣವನ್ನು ಸ್ವೀಡನ್ನಿನ ಊಮಿಯೊದಲ್ಲಿ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಿಡಿಸಿ ಹೇಳುತ್ತವೆ. ಒಂದು ವಸ್ತುವನ್ನು ಎತ್ತುವಾಗ ನಮ್ಮ ಬೆರಳುಗಳು ಅದು ಜಾರದಿರಲು ಬೇಕಾದುದಕ್ಕಿಂತ ತುಸು ಮಾತ್ರ ಹೆಚ್ಚಿನ ಬಲವನ್ನು ಹಾಕುತ್ತವೆ. ವಸ್ತು ಕೂದಲೆಳೆಯಷ್ಟು ಜಾರಿದರೂ, ನಮಗೆ ಅದು ಗಮನಕ್ಕೆ ಬರುವ ಮೊದಲೇ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಹಿಡಿತ ತಾನೇ ಬಿಗಿಯಾಗುತ್ತದೆ. ಬೆರಳ ತುದಿಯನ್ನು ಮರಗಟ್ಟಿಸಿದಾಗ ಈ ನಯ ಹೋಗಿ, ಜನ ಅಗತ್ಯಕ್ಕಿಂತ ಬಹಳ ಬಿಗಿಯಾಗಿ ಹಿಡಿಯತೊಡಗುತ್ತಾರೆ.

ಇಲ್ಲಿ ಆ ರಬ್ಬರ್ ಚೆಂಡಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲಕ್ವದ ರೋಗಿಯನ್ನು ನೋಡಲು ಬರುವ ನೆಂಟರು ಕಿತ್ತಳೆ ಹಣ್ಣಿನ ಜೊತೆ ಚೆಂಡನ್ನೂ ತರುವಷ್ಟು ಅದು ನಮ್ಮಲ್ಲಿ ವಾಡಿಕೆಯಾಗಿದೆ. ನಮ್ಮ ಮನೆಯಲ್ಲಿ ನಾಲ್ಕು ಸೇರಿದ್ದವು. ಹಿಸುಕುವ ಬಲವೇ ಇಲ್ಲದವರಿಗೆ ಅದು ಉಪಯೋಗವಾಗಬಹುದು. ಆದರೆ ಈಗಾಗಲೇ ಅತಿಯಾಗಿ ಹಿಸುಕುತ್ತಿರುವ, ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ತಿಳಿಯದೆ ಒದ್ದಾಡುತ್ತಿರುವ ಕೈಗೆ ಇನ್ನಷ್ಟು ಹಿಸುಕುವುದನ್ನು ಕಲಿಸಿ ಏನು ಪ್ರಯೋಜನ?

ಎರಡು ಕೈಗಳ ಹೊಂದಾಣಿಕೆಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮ. ಓದುಗರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎಡ ಅಂಗೈಯ ಮೇಲೆ ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡು ಕಣ್ಣು ಮುಚ್ಚಿಕೊಳ್ಳಿ. ಬೇರೆಯವರು ತಂಬಿಗೆಯನ್ನು ಥಟ್ಟನೆ ಎತ್ತಿದರೆ ತಟ್ಟೆ ಹಿಡಿದ ಕೈ ಮೇಲಕ್ಕೆ ಚಿಮ್ಮುತ್ತದೆ. ಅದೇ ತಂಬಿಗೆಯನ್ನು ನಿಮ್ಮ ಬಲಗೈಯಿಂದಲೇ ಎತ್ತಿದರೆ ಎಡಗೈ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಬಲಗೈ ಎತ್ತುವ ಕ್ಷಣವನ್ನು ಎಡಗೈ ಮೊದಲೇ ತಿಳಿದು ತನ್ನ ಬಲವನ್ನು ಇಳಿಸಿಕೊಂಡಿರುತ್ತದೆ. ಇನ್ನೊಂದು: ಎರಡೂ ತೋರುಬೆರಳುಗಳನ್ನು ಬಸ್ಸಿನ ವೈಪರ್‌ಗಳಂತೆ ಒಂದೇ ದಿಕ್ಕಿಗೆ ಆಡಿಸುತ್ತ ನಿಧಾನವಾಗಿ ವೇಗ ಹೆಚ್ಚಿಸಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮನ್ನು ಕೇಳದೆ, ಕನ್ನಡಿಯ ಬಿಂಬದಂತೆ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಆಡತೊಡಗುತ್ತವೆ. ಅಮೆರಿಕದ ಕೆಲ್ಸೊ 1984ರಲ್ಲಿ ಇದನ್ನು ಅಳೆದು ತೋರಿಸಿದರು. ಅದಕ್ಕೂ ಮೊದಲು, 1979ರಲ್ಲಿ, ಅವರು ಮತ್ತು ಸಂಗಡಿಗರು ಒಂದು ಕೈಗೆ ಹತ್ತಿರದ ಸುಲಭ ಗುರಿಯನ್ನೂ ಇನ್ನೊಂದಕ್ಕೆ ದೂರದ ಕಷ್ಟದ ಗುರಿಯನ್ನೂ ಕೊಟ್ಟಾಗ, ಎರಡು ಕೈಗಳೂ ಹೆಚ್ಚುಕಡಿಮೆ ಒಟ್ಟಿಗೇ ಹೊರಟು ಒಟ್ಟಿಗೇ ತಲುಪುವುದನ್ನು ಕಂಡಿದ್ದರು. ಸುಲಭದ ಕೈ ಕಷ್ಟದ ಕೈಗಾಗಿ ನಿಧಾನಿಸುತ್ತದೆ. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದರ ನಡೆಯೂ ಬದಲಾಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಎರಡು ಕೈಗಳ ನಡುವಿನ ಈ ಹೊಂದಾಣಿಕೆಯನ್ನು ಮಿದುಳಿನ ಎಡ ಬಲ ಭಾಗಗಳನ್ನು ಬೆಸೆಯುವ ದಪ್ಪ ನರಕಟ್ಟು ಮತ್ತು ಚಲನೆಯನ್ನು ಯೋಜಿಸುವ ಭಾಗಗಳು ಸಾಧಿಸುತ್ತವೆ. ಆದರೆ ಆ ಭಾಗಗಳಿಗೆ ಬೇಕಾದ ಕಚ್ಚಾ ಮಾಲು ಎರಡೂ ಕೈಗಳಿಂದ ಬರುವ ಸುದ್ದಿಯೇ. ಮುನ್ನಂದಾಜು ಇದ್ದರೆ ಸಾಲದು. ಅಂದಾಜಿಗೂ ನಡೆದದ್ದಕ್ಕೂ ತಾಳೆ ನೋಡಿ ತಿದ್ದಿಕೊಳ್ಳಬೇಕು. ಒಂದು ಕಡೆಯ ಸುದ್ದಿ ನಿಂತಾಗ ಆ ಜಾಗವನ್ನು ಕಣ್ಣು ತುಂಬಲು ನೋಡುತ್ತದೆ. ಒಂದು ಕೈಯ ಕೆಲಸಕ್ಕೆ ಕಣ್ಣು ಸಾಲಬಹುದು. ಎರಡು ಕೈಗಳು ಬೇರೆ ಬೇರೆ ಕೆಲಸ ಮಾಡುವಾಗ ಒಂದೇ ಜೊತೆ ಕಣ್ಣು ಎರಡನ್ನೂ ಕಾಯಲಾರದು, ಬೆನ್ನ ಹಿಂದಿನ ಜಡೆಯನ್ನಂತೂ ನೋಡಲೇ ಆಗದು. ‘ಒಳ್ಳೆಯ ಕೈ ಇದೆಯಲ್ಲ’ ಎಂಬ ಸಮಾಧಾನದ ಮಾತೂ ಪೂರ್ತಿ ನಿಜವಲ್ಲ. ಮಿದುಳಿಗೆ ಪೆಟ್ಟಾದ ಬದಿಯಲ್ಲೇ ಇರುವ, ಆರೋಗ್ಯವಾಗಿದೆ ಎಂದುಕೊಂಡ ಕೈಯ ವೇಗ ಮತ್ತು ನಾಜೂಕಿನಲ್ಲೂ ಸಣ್ಣ ಕೊರತೆಗಳು ಉಳಿಯುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಹಾಗಾದರೆ ಚಿಕಿತ್ಸೆ ಏನು? ಮೇಲೆ ಹೇಳಿದ ಕೋತಿಗಳ ಕಥೆಗೆ ಒಂದು ಮುಂದುವರಿಕೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೌಬ್, ಸಂವೇದನೆ ಕಳೆದುಕೊಂಡ ತೋಳನ್ನು ಕೋತಿ ಬಳಸದಿರುವುದು ಭಾಗಶಃ ಕಲಿತುಕೊಂಡ ಅಭ್ಯಾಸ ಎಂದು ವಾದಿಸಿದರು. ಒಳ್ಳೆಯ ತೋಳನ್ನು ಕಟ್ಟಿದಾಗ ಅದು ಇನ್ನೊಂದನ್ನು ಬಳಸತೊಡಗಿತು. (ಅವರ ಕೋತಿಗಳ ಪ್ರಯೋಗಾಲಯ 1981ರಲ್ಲಿ ದೊಡ್ಡ ವಿವಾದಕ್ಕೆ ಗುರಿಯಾಯಿತು, ಈ ಜ್ಞಾನದ ಬೆಲೆಯನ್ನು ಮೂಕಪ್ರಾಣಿಗಳು ತೆತ್ತಿವೆ ಎಂಬುದನ್ನು ಮರೆಯಬಾರದು.) ಇದರಿಂದ ಹುಟ್ಟಿದ ಚಿಕಿತ್ಸೆಯಲ್ಲಿ ರೋಗಿಯ ಒಳ್ಳೆಯ ಕೈಗೆ ಎಚ್ಚರವಿರುವ ಹೆಚ್ಚಿನ ಹೊತ್ತು ದಪ್ಪ ಕೈಗವಸು ತೊಡಿಸಿ, ಎರಡು ವಾರಗಳ ಕಾಲ ಸೋತ ಕೈಯಿಂದಲೇ ತೀವ್ರ ಅಭ್ಯಾಸ ಮಾಡಿಸುತ್ತಾರೆ. ಲಕ್ವವಾಗಿ 3ರಿಂದ 9 ತಿಂಗಳಾಗಿದ್ದ 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಎಂಬ ಅಧ್ಯಯನದಲ್ಲಿ ಇದು ಸಾಮಾನ್ಯ ಆರೈಕೆಗಿಂತ ಉತ್ತಮ ಫಲ ಕೊಟ್ಟಿತು. ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಇದು ಅನ್ವಯಿಸುತ್ತದೆ. ಬಳಸದೆ ಬಿಟ್ಟ ಕೈಯನ್ನು ಬಳಕೆಗೆ ತರಲು ಇದು ಒಳ್ಳೆಯ ದಾರಿ. ಆದರೆ ಒಂದು ಕೈಯನ್ನು ಕಟ್ಟಿಹಾಕಿ ಎರಡು ಕೈಗಳ ಹೊಂದಾಣಿಕೆಯನ್ನು ಕಲಿಸಲಾಗದು ಎಂಬುದನ್ನು ಅರಿಯಲು ತಜ್ಞನಾಗಬೇಕಿಲ್ಲ.

ಕಳೆದುಹೋದ ಸ್ಪರ್ಶಜ್ಞಾನವನ್ನು ಅಭ್ಯಾಸದಿಂದ ಸ್ವಲ್ಪಮಟ್ಟಿಗೆ ಮರಳಿಸಬಹುದು ಎಂಬುದಕ್ಕೆ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಆಸ್ಟ್ರೇಲಿಯದ ಲೀಆನ್ ಕ್ಯಾರಿ ಮತ್ತು ಸಂಗಡಿಗರ ಕೆಲಸ. 50 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೂರು ಸಂಗತಿಗಳನ್ನು ಅಭ್ಯಾಸ ಮಾಡಿಸಿದರು: ಮೇಲ್ಮೈಯ ಒರಟು ನುಣುಪುಗಳನ್ನು ಬೇರ್ಪಡಿಸುವುದು, ಕೈಯ ಸ್ಥಾನವನ್ನು ನೋಡದೆ ಗುರುತಿಸುವುದು, ವಸ್ತುವನ್ನು ಮುಟ್ಟಿಯೇ ಹೆಸರಿಸುವುದು. ಫಲ ಕಂಡಿತು, ಅಭ್ಯಾಸ ನಿಂತ ಮೇಲೂ ಉಳಿಯಿತು. ವಿಧಾನದಲ್ಲಿ ದುಬಾರಿ ಯಂತ್ರವೇನೂ ಇಲ್ಲ. ನಮಗೆ ದೂರದ ನಗರವೊಂದರ ಆಕ್ಯುಪೇಷನಲ್ ಥೆರಪಿಸ್ಟ್ (ನಿತ್ಯದ ಕೆಲಸಗಳನ್ನು ಮತ್ತೆ ಅಭ್ಯಾಸ ಮಾಡಿಸುವ ತಜ್ಞರು) ಒಬ್ಬರು ಫೋನಿನ ವಿಡಿಯೊ ಮೂಲಕ ಇದನ್ನೇ ಮನೆಯ ಸಾಮಾನುಗಳಲ್ಲಿ ಹೇಳಿಕೊಟ್ಟರು. ಗೋಣಿತಾಟು, ರೇಷ್ಮೆ ಸೆರಗು, ಉಪ್ಪುಕಾಗದ, ಸ್ಟೀಲ್ ತಟ್ಟೆಯ ಬೆನ್ನು. ಮೊದಲು ಕಣ್ಣು ಮುಚ್ಚಿ ಬಲಗೈಯಿಂದ ಸವರಿ ಯಾವುದೆಂದು ಹೇಳಬೇಕು. ತಪ್ಪಿದರೆ ಕಣ್ಣು ತೆರೆದು ನೋಡುತ್ತ ಸವರಬೇಕು. ಆಮೇಲೆ ಎಡಗೈಯಿಂದ ಸವರಿ ‘ಸರಿಯಾದ ಸ್ಪರ್ಶ ಹೀಗಿರುತ್ತದೆ’ ಎಂದು ಮನಸ್ಸಿಗೆ ತಂದುಕೊಂಡು ಮತ್ತೆ ಬಲಗೈಗೆ ಮರಳಬೇಕು. ಒಳ್ಳೆಯ ಕೈ ಸೋತ ಕೈಗೆ ಮೇಷ್ಟರಾಗುವ ಈ ಕ್ರಮ ಮೇಷ್ಟರಾಗಿದ್ದ ನನಗೆ ಹಿಡಿಸಿತು. ಎರಡನೆಯದಾಗಿ, ಅಕ್ಕಿಯ ಡಬ್ಬಿಯೊಳಗೆ ಗೋಟಡಿಕೆ, ಬೀಗದ ಕೈ, ಐದು ರೂಪಾಯಿ ನಾಣ್ಯ, ಹುಣಸೆ ಬೀಜಗಳನ್ನು ಹುದುಗಿಸಿಟ್ಟು ಹುಡುಕಿಸುವುದು. ಮೊದಲ ತಿಂಗಳು ನಾಣ್ಯಕ್ಕೂ ಅಡಿಕೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಐದನೆಯ ತಿಂಗಳ ಹೊತ್ತಿಗೆ ಹುಣಸೆ ಬೀಜವೊಂದನ್ನು ಬಿಟ್ಟು ಉಳಿದವುಗಳನ್ನು ಹೇಳತೊಡಗಿದರು.

ಎರಡು ಕೈಗಳನ್ನು ಒಟ್ಟಿಗೆ ಅಭ್ಯಾಸ ಮಾಡಿಸುವ ವಿಧಾನಗಳೂ ಇವೆ. ಅಮೆರಿಕದ ವಿಟಾಲ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದ ಕ್ರಮದಲ್ಲಿ ರೋಗಿ ಎರಡು ಹಿಡಿಗಳನ್ನು ಸಮನಾಗಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್‌ನ ತಾಳಕ್ಕೆ ಸರಿಯಾಗಿ, ಒಮ್ಮೆ ಒಟ್ಟಿಗೆ, ಒಮ್ಮೆ ಒಂದರ ನಂತರ ಒಂದರಂತೆ ಮುಂದಕ್ಕೂ ಹಿಂದಕ್ಕೂ ತಳ್ಳುತ್ತಾನೆ. ಕನ್ನಡಿ ಚಿಕಿತ್ಸೆ ಇನ್ನೂ ಸರಳ: ಎದೆಯ ಮುಂದೆ ನಿಲ್ಲಿಸಿದ ಕನ್ನಡಿಯ ಹಿಂದೆ ಸೋತ ಕೈಯನ್ನಿಟ್ಟು, ಎರಡೂ ಕೈಗಳನ್ನು ಆಡಿಸುತ್ತ ಒಳ್ಳೆಯ ಕೈಯ ಬಿಂಬವನ್ನು ನೋಡಿದಾಗ ಎರಡೂ ಸರಿಯಾಗಿ ಆಡುತ್ತಿರುವಂತೆ ಮಿದುಳಿಗೆ ತೋರುತ್ತದೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲೇ ಕಾಣಿಸುವ ಮಾಯಾ ನೋವಿಗೆ ಈ ಉಪಾಯವನ್ನು ಕಂಡುಕೊಂಡ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರೂ ಸೇರಿದ್ದ ತಂಡ ಲಕ್ವದ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1999ರಲ್ಲಿ ವರದಿ ಮಾಡಿತು. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಎರಡು ಕೈಗಳನ್ನು ಏಕಕಾಲದಲ್ಲಿ ಅಭ್ಯಾಸ ಮಾಡಿಸುವುದು ಬೇರೆ ವಿಧಾನಗಳಿಗಿಂತ ಉತ್ತಮ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2010ರ ಪರಾಮರ್ಶೆ ತೀರ್ಮಾನಿಸಿತ್ತು. ಆ ಪರಾಮರ್ಶೆಯನ್ನು ಗೌರವಿಸುತ್ತಲೇ ನನ್ನದೊಂದು ಅನುಮಾನ. ಎರಡು ಕೈಗಳೂ ಒಂದೇ ಚಲನೆಯನ್ನು ಮಾಡುವ ಅಭ್ಯಾಸಕ್ಕೂ, ಒಂದು ಹಿಡಿದು ಇನ್ನೊಂದು ಬಿಚ್ಚುವ ನಿತ್ಯದ ಕೆಲಸಕ್ಕೂ ಬಹಳ ಅಂತರವಿದೆ. ಯಾವ ರೋಗಿಗೆ ಸಂವೇದನೆ ಉಳಿದಿದೆ, ಯಾರಿಗೆ ಉಳಿದಿಲ್ಲ ಎಂದು ಮೊದಲೇ ಬೇರ್ಪಡಿಸದೆ ಎಲ್ಲರಿಗೂ ಒಂದೇ ಅಭ್ಯಾಸ ಕೊಟ್ಟರೆ ಲಾಭ ನಷ್ಟಗಳೆರಡೂ ಸರಾಸರಿಯಲ್ಲಿ ಕರಗಿಹೋಗುವುದಿಲ್ಲವೇ?

ನಮ್ಮ ಮನೆಯ ಮಟ್ಟಿಗೆ ತಾಳವೇ ಕೈಹಿಡಿಯಿತು. ನನ್ನ ಪತ್ನಿ ಊರಿನ ಭಜನಾ ಮಂಡಳಿಯಲ್ಲಿದ್ದವರು. ಶನಿವಾರದ ಭಜನೆಯಲ್ಲಿ ಅವರ ಕೈಗೆ ಯಾರೋ ರೂಢಿಯಂತೆ ತಾಳದ ಜೋಡಿಯನ್ನು ಕೊಟ್ಟರು. ಬಲಗೈಯ ತಾಳ ಎಡಗೈಯದಕ್ಕೆ ಸರಿಯಾಗಿ ತಾಗದಿದ್ದಾಗ ಅದು ಚರ್ಮಕ್ಕೆ ತಿಳಿಯದಿದ್ದರೂ ಕಿವಿಗೆ ತಿಳಿಯುತ್ತಿತ್ತು, ಸದ್ದು ಮೊಂಡಾಗುತ್ತಿತ್ತು. ಕೈಯಿಂದ ಬಾರದ ಸುದ್ದಿ ಕಿವಿಯಿಂದ ಬರತೊಡಗಿತು. ಇದನ್ನು ಚಿಕಿತ್ಸೆಯೆಂದು ನಾನು ಸಾರುತ್ತಿಲ್ಲ, ಒಬ್ಬರ ಅನುಭವ ಪುರಾವೆಯಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನೇ ನಾನು. ಆದರೂ ಹದಿನಾಲ್ಕು ತಿಂಗಳ ಅಭ್ಯಾಸದ ಬಳಿಕ ಒಂದು ಬೆಳಿಗ್ಗೆ ಅವರು ತಾವೇ ಜಡೆ ಹೆಣೆದುಕೊಂಡರು. ಸಡಿಲವಾಗಿತ್ತು, ಮಧ್ಯಾಹ್ನದೊಳಗೆ ಬಿಚ್ಚಿತು. ಈಗ ಸಂಜೆಯವರೆಗೆ ನಿಲ್ಲುತ್ತದೆ. ಮೆಟ್ಟುಗತ್ತಿಯ ಮುಂದೆ ಮತ್ತೆ ಕುಳಿತಿಲ್ಲ, ಕೂರಿಸುವ ಯೋಚನೆಯೂ ನನಗಿಲ್ಲ.

ನನ್ನ ದೂರು ಇಷ್ಟೇ: ಇದರಲ್ಲಿ ಯಾವುದನ್ನೂ ನಮಗೆ ಮೊದಲ ಐದು ತಿಂಗಳು ಯಾರೂ ಹೇಳಲಿಲ್ಲ, ಏಕೆಂದರೆ ಯಾರೂ ಪರೀಕ್ಷಿಸಿರಲಿಲ್ಲ. ನಾವು ಹೋದ ಆಸ್ಪತ್ರೆಯಲ್ಲಿ ಜೀವ ಉಳಿಸಿದವರ ಬಗ್ಗೆ ನನಗೆ ಕೃತಜ್ಞತೆಯಿದೆ. ಅಲ್ಲಿಯ ಹೊರರೋಗಿ ವಿಭಾಗದ ಸಾಲನ್ನು ಕಂಡವನಾಗಿ ಒಬ್ಬ ರೋಗಿಗೆ ಎಷ್ಟು ನಿಮಿಷ ಸಿಗುತ್ತದೆ ಎಂಬುದೂ ಗೊತ್ತಿದೆ. ಆದರೆ ನಾನು ಹೇಳುತ್ತಿರುವ ಪರೀಕ್ಷೆಗೆ ಐದು ನಿಮಿಷ ಸಾಕು, ಸಲಕರಣೆ ಬೇಡ. ರೋಗಿ ಕಣ್ಣು ಮುಚ್ಚಿರಲಿ. ಅವರ ಸೋತ ಕೈಯನ್ನು ಗಾಳಿಯಲ್ಲಿ ಒಂದೆಡೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಆ ಕೈಯ ಹೆಬ್ಬೆರಳನ್ನು ಹಿಡಿಯಲು ಹೇಳಿ. ನನ್ನ ಪತ್ನಿಯ ಎಡಗೈ ಮೊದಲ ಸಲ ಒಂದು ಗೇಣು ಆಚೆ ಗಾಳಿಯನ್ನು ಹಿಡಿದಿತ್ತು. ಬೆರಳೊಂದನ್ನು ಎರಡು ಪಕ್ಕಗಳಿಂದ ಹಿಡಿದು ಮೇಲಕ್ಕೋ ಕೆಳಕ್ಕೋ ತುಸು ಬಾಗಿಸಿ ಯಾವ ಕಡೆ ಎಂದು ಕೇಳಿ. ಅಂಗೈಯಲ್ಲಿ ನಾಣ್ಯವನ್ನೋ ಬೀಗದ ಕೈಯನ್ನೋ ಇಟ್ಟು ಏನೆಂದು ಕೇಳಿ. ಈ ಮೂರರ ಫಲಿತಾಂಶ ‘5/5’ರ ಪಕ್ಕದಲ್ಲಿ, ಬಿಡುಗಡೆಯ ಚೀಟಿಯ ಮೇಲೆ ಇರಲೇಬೇಕು ಎಂಬುದು ನನ್ನ ಮೊದಲ ಬೇಡಿಕೆ. ಲಕ್ವದ ನಂತರದ ಚೇತರಿಕೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1975ರಲ್ಲಿ ಪ್ರಕಟವಾದ ಫ್ಯೂಗಲ್-ಮೇಯರ್ ಮಾಪನದಲ್ಲಿ ಕೈಯ ಚಲನೆಗೆ 66 ಅಂಕಗಳಿದ್ದು, ಸಂವೇದನೆಗೆ ಪ್ರತ್ಯೇಕ ವಿಭಾಗವೂ ಇದೆ. ಎಲ್ಲರೂ ಉಲ್ಲೇಖಿಸುವುದು ಆ 66ನ್ನು. ಇನ್ನೊಂದು ವಿಭಾಗ ಪ್ರಶ್ನೆಪತ್ರಿಕೆಯ ಕೊನೆಯ ಪ್ರಶ್ನೆಯಂತೆ ಬಿಟ್ಟುಹೋಗುತ್ತದೆ.

ಎರಡು ಕೈಗಳ ಕೆಲಸವನ್ನು ಅಳೆಯುವ ಪದ್ಧತಿಯೂ ಹೊಸದಾಗಿ ಹುಟ್ಟಬೇಕಿಲ್ಲ. ಕೆನಡಾದಲ್ಲಿ ರೂಪಿಸಿದ ಚೆಡೋಕ್ ಮಾಪನದಲ್ಲಿ 13 ಕೆಲಸಗಳಿವೆ, ಎಲ್ಲವೂ ಎರಡು ಕೈಗಳವು: ಜಾಡಿಯ ಮುಚ್ಚಳ ತೆರೆಯುವುದು, ಒದ್ದೆ ಬಟ್ಟೆ ಹಿಂಡುವುದು, ಐದು ಗುಂಡಿ ಹಾಕುವುದು, ಬ್ರಷ್ಷಿಗೆ ಪೇಸ್ಟ್ ಹಚ್ಚುವುದು, ಕನ್ನಡಕ ಒರೆಸುವುದು ಇತ್ಯಾದಿ. ನಮ್ಮಲ್ಲಿ ಇದಕ್ಕೆ ಸಮನಾದ ಪಟ್ಟಿಯನ್ನು ಮಾಡಲು ಕಷ್ಟವೇನಿದೆ? ಕಲಬುರಗಿಯ ಹೆಣ್ಣುಮಗಳಿಗೆ ಜೋಳದ ರೊಟ್ಟಿ ತಟ್ಟುವುದು, ಕರಾವಳಿಯವಳಿಗೆ ಬೀಡಿ ಕಟ್ಟುವುದು, ಇಳಕಲ್ಲಿನ ನೇಕಾರನಿಗೆ ಕಡಿದ ಎಳೆಯನ್ನು ಗಂಟು ಹಾಕುವುದು, ಯಾರಿಗಾದರೂ ಪಂಚೆ ಉಡುವುದು. ರೋಗಿಗೆ ಯಾವ ಕೆಲಸ ಬೇಕು ಎಂದು ಕೇಳಿ, ಅದನ್ನೇ ಅಳೆದು, ಅದನ್ನೇ ಬಿಡಿಬಿಡಿಯಾಗಿ ಅಭ್ಯಾಸ ಮಾಡಿಸಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟರು. ನಮ್ಮ ತಾಲ್ಲೂಕಿನಲ್ಲಿ ನಾನು ಹುಡುಕಿದಾಗ ಒಬ್ಬರೂ ಸಿಗಲಿಲ್ಲ. ಹಾಗೊಂದು ವೃತ್ತಿ ಇದೆಯೆಂದು ತಿಳಿದವರೂ ವಿರಳ. 2021ರ ಕೇಂದ್ರ ಕಾಯಿದೆಯೊಂದು ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ ಮುಂತಾದ ಸಹಾಯಕ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವನ್ನು ರಚಿಸಿದೆ. ಆಯೋಗದಿಂದ ಹುದ್ದೆ ಹುಟ್ಟುವುದಿಲ್ಲ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಜಿಲ್ಲಾ ಮಟ್ಟದಲ್ಲಿ ಮಿದುಳಿನ ಆರೋಗ್ಯದ ಕ್ಲಿನಿಕ್‌ಗಳನ್ನು ತೆರೆಯುವ ಒಳ್ಳೆಯ ಕೆಲಸಕ್ಕೆ ಕೈಹಾಕಿದೆ. ಅಲ್ಲಿ ಈ ಹುದ್ದೆಗಳನ್ನು ಸೃಷ್ಟಿಸಿ, ವಾರಕ್ಕೊಂದು ದಿನವಾದರೂ ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸಬೇಕೆಂದು ಆರೋಗ್ಯ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

‘ಮನೆಯವರೇ ಕಲಿತು ಮಾಡಿಸಬಹುದಲ್ಲ’ ಎಂದು ಅಧಿಕಾರಿಗಳು ಹೇಳಬಹುದು. ಇದಕ್ಕೆ ಭಾರತದ್ದೇ ಉತ್ತರವಿದೆ. ದೇಶದ 14 ಆಸ್ಪತ್ರೆಗಳಲ್ಲಿ 1,250 ಲಕ್ವ ರೋಗಿಗಳನ್ನು ಸೇರಿಸಿಕೊಂಡು, ಕುಟುಂಬದವರಿಗೆ ತರಬೇತಿ ಕೊಟ್ಟು ಪುನಶ್ಚೇತನ ಮಾಡಿಸುವ ‘ಅಟೆಂಡ್’ ಎಂಬ ಅಧ್ಯಯನ ನಡೆಯಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಆರು ತಿಂಗಳ ಬಳಿಕ ಸಾವು ಮತ್ತು ಪರಾವಲಂಬನೆಯ ಪ್ರಮಾಣದಲ್ಲಿ ಸಾಮಾನ್ಯ ಆರೈಕೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಕುಟುಂಬ ನಿಷ್ಪ್ರಯೋಜಕ ಎಂದು ನಾನು ಇದನ್ನು ಓದುವುದಿಲ್ಲ. ನಾನೇ ಆ ಕುಟುಂಬ. ಆದರೆ ಏನು ಕೆಟ್ಟಿದೆ ಎಂದು ಬಲ್ಲವರು ಪತ್ತೆಹಚ್ಚಿ ಹೇಳದೆ ಮನೆಯವರ ಶ್ರದ್ಧೆಯೊಂದರಿಂದಲೇ ಕೈ ಸರಿಯಾಗುತ್ತದೆಂಬ ನಿರೀಕ್ಷೆ ಖರ್ಚು ತಪ್ಪಿಸುವವರಿಗೆ ಅನುಕೂಲವೇ ಹೊರತು ರೋಗಿಗಲ್ಲ. ಐದು ತಿಂಗಳು ನಾನು ಬಹಳ ಶ್ರದ್ಧೆಯಿಂದ ಚೆಂಡು ಹಿಸುಕಿಸಿದೆ.

ಕೊನೆಯದಾಗಿ ಓದುಗರಿಗೆ ಒಂದು ಎಚ್ಚರಿಕೆ, ಇದನ್ನು ಸಾಧ್ಯವಾದರೆ ಪ್ರತ್ಯೇಕ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಸಂವೇದನೆ ಕಳೆದುಕೊಂಡ ಕೈ ಬಿಸಿಯನ್ನೂ ಅರಿಯದಿರಬಹುದು. ನಮ್ಮ ಮನೆಯಲ್ಲಿ ದೋಸೆಯ ಕಾವಲಿಯ ಅಂಚಿಗೆ ತಾಗಿದ ಬಲಗೈಯನ್ನು ನನ್ನ ಪತ್ನಿ ಹಿಂದೆಗೆದುಕೊಂಡದ್ದು ವಾಸನೆ ಬಂದ ಮೇಲೆ. ಮನೆಯಲ್ಲಿ ಲಕ್ವವಾದವರಿದ್ದರೆ, ಅವರು ಎಷ್ಟೇ ಚೆನ್ನಾಗಿ ಕೈ ಎತ್ತುತ್ತಿರಲಿ, ಸ್ನಾನದ ನೀರನ್ನು ಯಾವಾಗಲೂ ಒಳ್ಳೆಯ ಕೈಯಿಂದಲೇ ಮುಟ್ಟಿ ನೋಡಲು ಹೇಳಿ. ಒಲೆಯ ಮುಂದೆ ಸೋತ ಕೈ ಎಲ್ಲಿದೆ ಎಂಬುದನ್ನು ಕಣ್ಣಿನಿಂದ ನೋಡಿಕೊಳ್ಳುವ ಅಭ್ಯಾಸ ಮಾಡಿಸಿ. ಬಿಸಿ ಪಾತ್ರೆಯನ್ನು ಎರಡು ಕೈಗಳಲ್ಲಿ ಇಳಿಸುವ ಕೆಲಸವನ್ನು ಹೆಬ್ಬೆರಳು ಹಿಡಿಯುವ ಆ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗುವವರೆಗೆ ಬೇರೆಯವರು ಮಾಡಲಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ